ಬ್ರೇಕಮ್ಮನ ಪರೀಕ್ಷೆ

ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಅವಳಿಗೆ ಬ್ರೇಕಮ್ಮ ಎಂದೇ ಹೆಸರು. ಪಕ್ಕದ ಸೀಟಿನಿಂದ ಅವಳು "ಬ್ರೇಕ್!" ಎಂದು ಕೂಗಿದರೆ ಎದುರು ಬರುವ ಸೈಕಲ್ಲುಗಳೂ ನಿಂತುಬಿಡುತ್ತಿದ್ದವು. ಇಂಥ ಗಟ್ಟಿಗಿತ್ತಿಗೂ ಒಂದು ವಿಷಯದಲ್ಲಿ ಪುಕ್ಕಲುತನ. ಅವಳ ಅಕ್ಕನಿಗೆ ಗರ್ಭಕಂಠದ ಕ್ಯಾನ್ಸರ್ ಬಂದು, ಪುಣ್ಯಕ್ಕೆ ಮೊದಲ ಹಂತದಲ್ಲೇ ಸಿಕ್ಕಿ, ಆಪರೇಷನ್ನಿನಿಂದ ಗುಣವಾಗಿತ್ತು. "ನೀನೂ ಒಂದ್ಸಲ ತೋರಿಸ್ಕೊಳ್ಳೇ" ಎಂದು ಅಕ್ಕ ಅಂದಿನಿಂದ ಬೆನ್ನು ಬಿದ್ದಿದ್ದಳು. ಬ್ರೇಕಮ್ಮ ಹೂಂಗುಟ್ಟಿ ಸಿಗರೇಟು ಹಚ್ಚುತ್ತಿದ್ದಳು.

ಆಗ ಕಾರು ಕಲಿಯಲು ಬಂದವರು ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ. ಆಸ್ಪತ್ರೆಯಲ್ಲಿ ಎಷ್ಟು ಚುರುಕೋ ಏನೋ, ಕಾರಿನಲ್ಲಿ ಅವರ ಕೈಗೂ ಕಾಲಿಗೂ ಎಣ್ಣೆ ಸೀಗೆಕಾಯಿ. ಒಂದು ಬೆಳಗ್ಗೆ ಬಾಗಿಲು ತೆಗೆದವರೇ ಮೂಗು ಮುಚ್ಚಿಕೊಂಡರು.

"ದಿನಕ್ಕೆ ಎಷ್ಟು ಸೇದ್ತೀರಿ?"

"ನೀವು ಗಾಡಿ ಓಡಿಸೋದು ನೋಡಿದ್ರೆ ಯಾರಿಗಾದ್ರೂ ಸೇದೋ ಹಾಗಾಗುತ್ತೆ!"

ಡಾಕ್ಟರಮ್ಮ ನಕ್ಕ ರಭಸಕ್ಕೆ ಕಾರು ನಡುರಸ್ತೆಯಲ್ಲೇ ಆಫ್ ಆಯಿತು. ಅದೇನನ್ನಿಸಿತೋ, ಬ್ರೇಕಮ್ಮ ಅಕ್ಕನ ಕಥೆ ಹೇಳಿಬಿಟ್ಟಳು. "ನಮ್ಮ ರಕ್ತದಲ್ಲೇ ಇದೆ ಬಿಡಿ. ಬರೋದಿದ್ರೆ ಬರುತ್ತೆ."

"ಹಾಗಲ್ಲಮ್ಮ. ಅಕ್ಕನಿಗೆ ಬಂದಿದ್ರೆ ನೀವು ಸ್ವಲ್ಪ ಹೆಚ್ಚು ಹುಷಾರಾಗಿರ್ಬೇಕು, ನಿಜ. ಆದ್ರೆ ಇದರ ಮುಖ್ಯ ಕಾರಣ ಒಂದು ವೈರಸ್ಸು. ತುಂಬಾ ಜನಕ್ಕೆ ಬರುತ್ತೆ, ಹೆಚ್ಚಿನವರಲ್ಲಿ ತಾನಾಗೇ ಹೋಗುತ್ತೆ. ಸಿಗರೇಟು ಸೇದೋರಲ್ಲಿ ಠಿಕಾಣಿ ಹೂಡೋದು ಜಾಸ್ತಿ. ರಕ್ತ ಬದಲಾಯಿಸೋಕಾಗಲ್ಲ, ಸಿಗರೇಟು ಬಿಡಬಹುದಲ್ಲ? ಒಂದ್ಸಲ ಬಂದು ಪರೀಕ್ಷೆ ಮಾಡಿಸ್ಕೊಳ್ಳಬಹುದಲ್ಲ?"

ಹಿಂದೆ ಹಾರ್ನುಗಳ ಗದ್ದಲ. "ಮೊದ್ಲು ಗಾಡಿ ಸ್ಟಾರ್ಟ್ ಮಾಡಿ ತಾಯಿ!" ಎಂದಳು ಬ್ರೇಕಮ್ಮ.

ಮಾತು ಮಾತ್ರ ನಾಟಿತ್ತು. ಮರುವಾರವೇ ಆಸ್ಪತ್ರೆಗೆ ಹೋದಳು. ಅವಳು ಗೊಣಗಿ ಮುಗಿಸುವ ಮೊದಲೇ ಪರೀಕ್ಷೆ ಮುಗಿದಿತ್ತು. "ಇಷ್ಟೇನಾ? ಇದಕ್ಕಾ ನಾನು ಇಷ್ಟು ವರ್ಷ ಹೆದರಿ ಸತ್ತಿದ್ದು?"

ವರದಿ ಬಂತು. ವೈರಸ್ ಇತ್ತು, ಜೀವಕೋಶಗಳೇನೂ ಕೆಟ್ಟಿರಲಿಲ್ಲ. ಒಂದು ವರ್ಷ ಬಿಟ್ಟು ಮತ್ತೆ ನೋಡಬೇಕು.

ಮನೆಗೆ ಬಂದವಳೇ ಸೊಂಟಕ್ಕೆ ಕೈಯಿಟ್ಟು ಗಂಡನೆದುರು ನಿಂತಳು. ಅವನು ತನ್ನ ಕ್ಷೌರದಂಗಡಿ ಮುಚ್ಚಿ ಆಗಷ್ಟೇ ಬಂದು ಕಾಲು ಚಾಚಿದ್ದ.

"ಗಂಡು ಹೆಣ್ಣು ಕೂಡೋದರಿಂದ ಬರೋ ವೈರಸ್ಸಂತೆ ಇದು. ಎಲ್ಲಿಂದ ತಂದ್ರಿ?"

"ನಾನಾ? ಹಗಲೆಲ್ಲ ಗಂಡಸರ ತಲೆ, ಸಂಜೆ ನಿನ್ನ ಬೈಗುಳ. ನನಗೆಲ್ಲಿದೆಯೇ ಪುರುಸೊತ್ತು?"

ತೀರ್ಪು ಹೇಳಲೆಂದು ಡಾಕ್ಟರಮ್ಮನಿಗೇ ಫೋನು ಹೋಯಿತು, ಸ್ಪೀಕರ್ ಹಾಕಿ. "ಯಾರಿಂದ ಬಂತು ಅಂತ ಯಾರೂ ಹೇಳೋಕಾಗಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತೆ. ಮದುವೆಗೆ ಮುಂಚಿನದೂ ಇರಬಹುದು. ಜಗಳ ಬಿಡಿ, ಸಿಗರೇಟು ಬಿಡಿ, ಮಗಳಿಗೆ ಈ ವೈರಸ್ ಬರದ ಹಾಗೆ ಲಸಿಕೆ ಹಾಕಿಸಿ."

ಮದುವೆಗೆ ಮುಂಚೆ ಎಂದದ್ದೇ ತಡ, ಗಂಡ ಸೂರು ನೋಡಿದ, ಹೆಂಡತಿ ನೆಲ ನೋಡಿದಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಸಿಗರೇಟು ಬಿಟ್ಟ ಮೊದಲ ತಿಂಗಳು ಶಿಷ್ಯರ ಪಾಡು ಶತ್ರುವಿಗೂ ಬೇಡ. ಒಬ್ಬನಂತೂ ನನಗೆ ಬಸ್ಸೇ ಸಾಕು ಎಂದು ಕೈಮುಗಿದು ಹೋದ. ಬ್ರೇಕಮ್ಮ ಪೆಪ್ಪರಮಿಂಟು ಕಡಿದು ಕಡಿದು ಹಲ್ಲು ನೋಯಿಸಿಕೊಂಡಳು, ಹಿಡಿದ ಹಟ ಬಿಡಲಿಲ್ಲ. ಲಸಿಕೆಯ ದಿನ ಮಗಳು ತೆಪ್ಪಗೆ ತೋಳು ಚಾಚಿದಳು. ಕಣ್ಣು ಮುಚ್ಚಿಕೊಂಡದ್ದು ಅಮ್ಮ.

ವರ್ಷದ ಮೇಲೆ ಮತ್ತೆ ಪರೀಕ್ಷೆಯಾಯಿತು. ವೈರಸ್ ಮಾಯ.

"ಹೋಯ್ತು ಕಣೇ ಅಕ್ಕ!" ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೇ ನಿಂತು ಫೋನಿನಲ್ಲಿ ಕೂಗಿದಳು. ತಡಮಾಡಿದ್ದಕ್ಕೆ ಅಕ್ಕ ಬಾಯಿತುಂಬ ಬೈದಳು, ಆಮೇಲೆ ಅತ್ತಳು, ಕಡೆಗೆ ಭಾನುವಾರ ಎಲ್ಲರೂ ಊಟಕ್ಕೆ ಬನ್ನಿ ಎಂದಳು. ಅಂದು ಅಕ್ಕತಂಗಿಯರು ಖಾಲಿ ತಟ್ಟೆ ಎತ್ತುವುದನ್ನೂ ಮರೆತು ಹರಟಿದರು. ಪಾತ್ರೆ ತೊಳೆಯುವ ಕೆಲಸ ಗಂಡಂದಿರ ಪಾಲಿಗೆ ಬಂತು.