ಏಳರ ಕಣಿವೆಯಲ್ಲಿ ಎರಡು

ಆರ್ಲಿಸ್ ಕೀನ್ ಕುರ್ಚಿಯಲ್ಲಿ ಎರಡು ನಿಮಿಷ ಕೂತರೆ ಮೂರನೆಯ ನಿಮಿಷಕ್ಕೆ ಎದ್ದುಬಿಡುತ್ತಿದ್ದ. ಕಿಟಕಿಯವರೆಗೆ ಹೋಗಿ, ಅಡುಗೆಕಟ್ಟೆಗೆ ಎರಡೂ ಕೈ ಊರಿ ನಿಂತು, ಮತ್ತೆ ಬಂದು ಕೂರುತ್ತಿದ್ದ. ಕಲ್ಲಿದ್ದಲ ಗಣಿಯ ಚಾವಣಿ ಕುಸಿದು ಬೆನ್ನು ಮುರಿದ ಮೇಲೆ, ಹನ್ನೊಂದು ವರ್ಷದಿಂದ ಅವನದು ಇದೇ ಪಾಡು. ಜೊತೆಗಿರುವ ತಂಗಿ ರೋಡಾ ಬೆಳಿಗ್ಗೆಯೇ ಕೆಲಸಕ್ಕೆ ಹೋಗಿದ್ದಳು.

"ಬೇಗ ಮುಗಿಸಿ ಮಿಸ್ ವರ್ಡಾ. ನಿಮ್ಮ ಡಾಕ್ಟರಮ್ಮನಿಗೆ ನನ್ನ ಪುರಾಣ ಕೇಳದೆ ನಿದ್ದೆ ಬರಲ್ವೇನೋ."

"ಅವಳಿಗೆ ಬರುತ್ತೋ ಬಿಡುತ್ತೋ. ನೀನು ನೆಟ್ಟಗೆ ಉತ್ತರ ಹೇಳು."

ವರ್ಡಾ ಇಪ್ಪತ್ತಾರು ವರ್ಷ ಆ ಕಣಿವೆಯ ಶಾಲೆಯಲ್ಲಿ ಅಡುಗೆ ಮಾಡಿದವಳು, ಮದುವೆಯಾಗಿದ್ದರೂ ಅಲ್ಲಿ ಉಂಡವರಿಗೆಲ್ಲ ಇಂದಿಗೂ 'ಮಿಸ್'. ವಿಶ್ವವಿದ್ಯಾಲಯದ ಡಾಕ್ಟರ್ ಲಿಯಾಂಗ್ ಮೊದಲು ಕಳಿಸಿದ್ದು ಓದಿದ ಹುಡುಗಿಯರನ್ನು. ಅವರಿಗೆ ಯಾರೂ ಬಾಗಿಲು ತೆರೆಯಲಿಲ್ಲ. ಆಮೇಲೆ ಡಾಕ್ಟರೇ ವರ್ಡಾಳನ್ನು ಹುಡುಕಿಕೊಂಡು ಬಂದಳು. ಅವಳು ಬಡಿಸಿದ ಬೀನ್ಸು ತಿಂದು ಬೆಳೆದವರು ಅವಳ ಮುಖಕ್ಕೆ ಬಾಗಿಲು ಹಾಕಲಾರರು. ವರ್ಷಗಟ್ಟಲೆ ನೋವು ತಿನ್ನುತ್ತಿರುವವರು ಎಷ್ಟು ಮಾತ್ರೆ ನುಂಗುತ್ತಾರೆ, ಏನು ಕುಡಿಯುತ್ತಾರೆ, ಮನಸ್ಸು ಹೇಗಿದೆ, ಇಷ್ಟನ್ನು ಡಾಕ್ಟರ ಅಧ್ಯಯನಕ್ಕಾಗಿ ಮೂರು ತಿಂಗಳಿಗೊಮ್ಮೆ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ.

"ಕುಡಿತ?"

"ಶನಿವಾರ ಒಂದು ಬಿಯರು. ಎಷ್ಟು ದೊಡ್ಡದು ಅಂತ ನಿಮ್ಮ ಕಾಗದ ಕೇಳಲ್ವಲ್ಲ."

"ತಲೆಹರಟೆ ಬೇಡ. ಹೇಳಿದ್ದಕ್ಕಿಂತ ಹೆಚ್ಚು ಮಾತ್ರೆ ತಗೊಂಡಿದ್ದೀಯಾ?"

"ಇಲ್ಲ."

"ಬದುಕು ಸಾಕು ಅನ್ನಿಸಿದ್ದುಂಟಾ?"

"ಇಲ್ಲ."

"ನೋವು ಎಷ್ಟು, ಸೊನ್ನೆಯಿಂದ ಹತ್ತರೊಳಗೆ?"

"ಎರಡು."

ವರ್ಡಾ ಎರಡು ಅಂತ ಬರೆದುಕೊಂಡಳು. "ಪರವಾಗಿಲ್ವೇ, ಸುಧಾರಿಸಿದೀಯ!"

"ಹೌದು. ಈಗ ಆರಾಮ," ಅಂದು ಆರ್ಲಿಸ್ ಬಾಗಿಲವರೆಗೂ ಬಂದು ಬೀಳ್ಕೊಟ್ಟ.

ಕಾರು ಸೇತುವೆ ದಾಟುವಷ್ಟರಲ್ಲಿ ವರ್ಡಾ ವೇಗ ಇಳಿಸಿದಳು. ರೇಡಿಯೊ ಹಾಕಿದಳು, ಆರಿಸಿದಳು. ಕಿಟಕಿ ಇಳಿಸಿದಳು, ಏರಿಸಿದಳು. ಎರಡು?

ಆ ಕಣಿವೆಯಲ್ಲಿ ಯಾರೂ ಎರಡು ಅನ್ನುವುದಿಲ್ಲ. ಎಲ್ಲರೂ ಅನ್ನುವುದು ಏಳು. ನೋವಿನ ಕ್ಲಿನಿಕ್ಕಿನಲ್ಲಿ ಐದು ಅಂದರೆ ಮಾತ್ರೆ ಇಳಿಸುತ್ತಾರೆ. ಒಂಬತ್ತು ಅಂದರೆ ಚಟ ಹತ್ತಿದೆಯೆಂದು ಗುಮಾನಿಪಟ್ಟು ಪರೀಕ್ಷೆಗೆ ಮೂತ್ರ ಕೇಳುತ್ತಾರೆ. ಏಳು ಅಂದರೆ ಎಲ್ಲ ಇದ್ದ ಹಾಗೇ ನಡೆಯುತ್ತದೆ. ಈ ಉತ್ತರಗಳು ಕ್ಲಿನಿಕ್ಕಿಗೆ ಹೋಗುವುದಿಲ್ಲ ಅಂತ ವರ್ಡಾ ಎಷ್ಟು ಬಡಿದುಕೊಂಡರೂ ಜನ ಅವಳಿಗೂ ಏಳೇ ಹೇಳುತ್ತಿದ್ದರು. ಅವಳ ಗಂಡ ಸಾಯುವ ವಾರವೂ ಕ್ಲಿನಿಕ್ಕಿನಲ್ಲಿ ಏಳೇ ಅಂದಿದ್ದ. "ನಿಮ್ಮೂರಲ್ಲಿ ಎಲ್ಲರಿಗೂ ಒಂದೇ ನೋವೇ?" ಎಂದು ಡಾಕ್ಟರ್ ಲಿಯಾಂಗ್ ಕೇಳಿದಾಗ, "ಒಂದೇ ಗಣಿ ಅಲ್ವಾ" ಅಂದು ವರ್ಡಾ ನಕ್ಕು ತಪ್ಪಿಸಿಕೊಂಡಿದ್ದಳು.

ಎರಡು ಅಂದವನಿಗೆ ಬರುವ ತಿಂಗಳು ಮಾತ್ರೆ ನಿಂತರೂ ಚಿಂತೆಯಿಲ್ಲ. ನೆಟ್ಟಗೆ ಕೂರಲಾಗದವನಿಗೆ ಯಾಕೆ ಚಿಂತೆಯಿಲ್ಲ? ಬರುವ ತಿಂಗಳನ್ನು ಅವನು ನೋಡುವುದೇ ಇಲ್ಲ ಅಂದುಕೊಂಡಿದ್ದರೆ ಮಾತ್ರ.

ಚರ್ಚಿನ ಮುಂದಿನ ಜಲ್ಲಿಯಲ್ಲಿ ಅವಳು ಕಾರು ತಿರುಗಿಸಿದಳು.

"ಏನು ಮರೆತ್ರಿ?" ಅಂದ ಆರ್ಲಿಸ್, ಬಾಗಿಲು ಅರ್ಧ ತೆರೆದು.

"ಒಂದು ಪ್ರಶ್ನೆ." ಅವಳು ಅವನನ್ನು ಸರಿಸಿಕೊಂಡೇ ಒಳಗೆ ಬಂದಳು. "ಹೇಳಿದ್ದಕ್ಕಿಂತ ಕಮ್ಮಿ ಮಾತ್ರೆ ತಗೊಂಡಿದ್ದೀಯಾ?"

"ಅದು ಕಾಗದದಲ್ಲಿಲ್ಲ."

"ಇಲ್ಲ. ನಾನು ಕೇಳ್ತಿದ್ದೀನಿ."

"ಎಲ್ಲರೂ ನಾಲ್ಕು ಮಾತ್ರೆ ಎತ್ತಿಡ್ತಾರೆ."

"ಕ್ಲಿನಿಕ್ಕು ಕೈಕೊಟ್ಟರೆ ಬೇಕಾಗುತ್ತೆ ಅಂತ ಎತ್ತಿಡ್ತಾರೆ. ನನ್ನ ಗಂಡನೂ ಎತ್ತಿಟ್ಟಿದ್ದ. ಅವರೆಲ್ಲ ಏಳು ಅಂತಾರೆ ಕಣೋ. ನೀನು ಎರಡು ಅಂದೆ."

ಆರ್ಲಿಸ್ ಕೂತ. ಎರಡು ನಿಮಿಷವಾಯಿತು, ಮೂರಾಯಿತು. ಏಳಲಿಲ್ಲ.

"ಸಾಕಾಗಿದೆ ಮಿಸ್ ವರ್ಡಾ."

"ಎಲ್ಲಿಟ್ಟಿದ್ದೀಯ?"

ಅವನು ಫ್ರಿಜ್ಜಿನ ಮೇಲಿದ್ದ ಕಾಫಿ ಡಬ್ಬದ ಕಡೆ ಗದ್ದ ಎತ್ತಿದ.

"ಯಾವತ್ತು ಅಂದ್ಕೊಂಡಿದ್ದೆ?"

"ಭಾನುವಾರ. ರೋಡಾ ಚರ್ಚಿಗೆ ಹೋದ ಮೇಲೆ."

ಅವತ್ತು ಗುರುವಾರ. ವರ್ಡಾ ಕೋಟಿನ ಜೇಬಿನಿಂದ ಫೋನ್ ತೆಗೆದು, "ಡಾಕ್ಟರ್ ಲಿಯಾಂಗ್‌ಗೆ ಫೋನ್ ಮಾಡ್ತೀನಿ," ಅಂದಳು.

"ಕ್ಲಿನಿಕ್ಕಿಗೆ ಗೊತ್ತಾದ್ರೆ ಇದ್ದದ್ದನ್ನೂ ಕಿತ್ಕೋತಾರೆ. ಆಮೇಲೆ ಭಾನುವಾರದವರೆಗೂ ಕಾಯಲ್ಲ ನಾನು."

"ಜೀವಕ್ಕೆ ಅಪಾಯ ಅಂದ್ರೆ ಡಾಕ್ಟರಿಗೆ ಹೇಳ್ತೀನಿ ಅಂತ ಮೊದಲ ದಿನವೇ ಓದಿ ಹೇಳಿದ್ದೆ. ಸಹಿ ಹಾಕಿದೀಯ. ನಿನ್ನ ಬೆನ್ನ ಹಿಂದೆ ಹೇಳಲ್ಲ, ಎದುರಿಗೇ ಹೇಳ್ತೀನಿ. ಮಾತ್ರೆ ವಿಷಯ ಅವಳ ಹತ್ತಿರ ನೀನೇ ಮಾತಾಡು."

"ಡಬ್ಬ?"

"ನಿನ್ನ ಮಾತ್ರೆ ನಾನಿಟ್ಕೊಂಡ್ರೆ ನನ್ನನ್ನ ಒಳಗೆ ಹಾಕ್ತಾರೆ. ನೀನೇ ಹಿಡ್ಕೋ. ಶೆರಿಫ್ ಪೊಲೀಸರ ಕಚೇರಿ ಬಾಗಿಲಲ್ಲಿ ಬೇಡದ ಮಾತ್ರೆ ಹಾಕೋ ಪೆಟ್ಟಿಗೆ ಇದೆಯಲ್ಲ, ಅಲ್ಲಿಗೆ ಹೋಗೋಣ. ಯಾರೂ ಹೆಸರು ಕೇಳಲ್ಲ."

"ಊರೆಲ್ಲ ನೋಡುತ್ತೆ."

"ನನ್ನ ಗಂಡನ ಹಳೇ ಮಾತ್ರೆ ಅಂತೀನಿ."

"ಅವರು ಹೋಗಿ ಆರು ವರ್ಷ ಆಯ್ತು!"

"ಮನೆ ಗುಡಿಸೋದ್ರಲ್ಲಿ ನಾನು ಸ್ವಲ್ಪ ನಿಧಾನ ಅಂತೀನಿ."

ಆರ್ಲಿಸ್‌ಗೆ ನಗು ಬಂತು, ನಕ್ಕಾಗ ಬೆನ್ನು ಹಿಡಿಯಿತು, ಹಲ್ಲು ಕಚ್ಚಿ ಬೈದ. ಅಷ್ಟರಲ್ಲಿ ವರ್ಡಾ ಫೋನ್ ಮಾಡಿಯಾಗಿತ್ತು. ಇದ್ದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ, ಇಬ್ಬರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟಳು.

"ನಿಮಗೆ ಹೇಗೆ ಗೊತ್ತಾಯ್ತು ವರ್ಡಾ?" ಅಂದಳು ಡಾಕ್ಟರ್ ಲಿಯಾಂಗ್.

"ಅದನ್ನ ನಾಳೆ ಹೇಳ್ತೀನಿ. ಹೇಳಿದ್ರೆ ನಿಮ್ಮ ಒಂದೂವರೆ ವರ್ಷದ ಕಾಗದಗಳಲ್ಲಿರೋದನ್ನೆಲ್ಲ ಹೊಸದಾಗಿ ಕೇಳಬೇಕಾಗುತ್ತೆ. ಈಗ ಇವನ ಹತ್ತಿರ ಮಾತಾಡಿ. ಮಾತ್ರೆ ಇದ್ದಕ್ಕಿದ್ದ ಹಾಗೆ ನಿಲ್ಲಿಸಲ್ಲ ಅಂತ ಮೊದಲು ಅದನ್ನ ಹೇಳಿ."

ಡಾಕ್ಟರ್ ಲಿಯಾಂಗ್ ಹೇಳಿದಳು. ನಾಳೆ ತನ್ನ ವಿಶ್ವವಿದ್ಯಾಲಯದ ಆಸ್ಪತ್ರೆಯ ನೋವಿನ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗುತ್ತೇನೆ, ಇವತ್ತು ರೋಡಾ ಮನೆಗೆ ಬರಬೇಕು, ಅವನನ್ನು ಒಂಟಿಯಾಗಿ ಬಿಡಬಾರದು ಅಂದಳು. ಆರ್ಲಿಸ್ ಗೋಡೆಯಿಂದ ಗೋಡೆಗೆ ತಿರುಗುತ್ತಲೇ ಉತ್ತರ ಕೊಟ್ಟ. "ಹೌದು ಮೇಡಂ. ಇಲ್ಲ ಮೇಡಂ." ಕೊನೆಗೆ ಮೇಜಿನ ಹತ್ತಿರ ನಿಂತು, "ಭಾನುವಾರದ್ದು ಗೊತ್ತಿಲ್ಲ. ಇವತ್ತು ಇರ್ತೀನಿ ಅಂತ ಹೇಳಬಲ್ಲೆ," ಅಂದ.

ದಾರಿಯುದ್ದಕ್ಕೂ ಅವನು ಸೀಟು ಹಿಂದಕ್ಕೆ ಬಾಗಿಸಿಕೊಂಡು, ಡಬ್ಬ ಎದೆಯ ಮೇಲಿಟ್ಟುಕೊಂಡು ಮಲಗಿದ್ದ. ವರ್ಡಾಳೇ ರೋಡಾಳಿಗೆ ಫೋನ್ ಮಾಡಿ ಮನೆಗೆ ಬರಹೇಳಿದಳು. ಶೆರಿಫ್ ಕಚೇರಿಯ ಮುಂದೆ ಕಾರು ನಿಲ್ಲಿಸಿದರೂ ಅವನು ಅಲುಗಲಿಲ್ಲ.

"ಇದನ್ನ ಬಿಡೋಕೆ ಆಗ್ತಿಲ್ಲ," ಅಂದ.

ವರ್ಡಾ ಎಂಜಿನ್ ಆರಿಸಿ ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತ ಕೂತಳು. ಗುರುತಿನವರಿಬ್ಬರು ಹಾದುಹೋದರು. ಒಬ್ಬ ಕೈ ಬೀಸಿದ. ಅವಳೂ ಬೀಸಿದಳು.

ತುಂಬಾ ಹೊತ್ತಿನ ಮೇಲೆ ಆರ್ಲಿಸ್ ತನ್ನ ಬಾಗಿಲು ತಾನೇ ತೆರೆದು, ಡಬ್ಬ ಹಿಡಿದುಕೊಂಡೇ ಒಂದು ಕಾಲು ಹೊರಗಿಟ್ಟ.

"ಈ ಕಡೆ ಬಂದು ಕೈ ಕೊಡಿ," ಅಂದ. "ಒಬ್ಬನಿಗೇ ಎದ್ದೇಳೋಕೆ ಆಗಲ್ಲ."