ಆನೆಯ ಲೆಕ್ಕಕ್ಕೆ ಹೋದವಳು

ಸಕಲೇಶಪುರದ ಮನೆಯಲ್ಲಿ ಕೂತು ಹೆಂಗಸರ ಕೊಲೆ ಎಣಿಸುವುದು ನನ್ನ ಕೆಲಸ. ಹೆಣ್ಣೆಂಬ ಕಾರಣಕ್ಕೆ ದೇಶದಲ್ಲಿ ಎಷ್ಟು ಕೊಲೆಗಳಾಗುತ್ತವೆ, ಹೆಚ್ಚುತ್ತಿವೆಯೋ ಇಳಿಯುತ್ತಿವೆಯೋ ಎಂದು ದೆಹಲಿಯ ಒಂದು ತಂಡ ನೋಡುತ್ತದೆ. ಕನ್ನಡ ಪತ್ರಿಕೆಗಳು ನನ್ನ ಪಾಲಿಗೆ. ಗಂಡ, ಕುಡುಗೋಲು, ಶೀಲ ಶಂಕೆ. ಓದುತ್ತಲೇ ದೋಸೆ ತಿನ್ನುತ್ತೇನೆ. ಮೊದಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಚಟ್ನಿಗೆ ಉಪ್ಪು ಕಡಿಮೆಯಾದರೂ ಗೊತ್ತಾಗುತ್ತದೆ. ಥೂ, ಎಂಥ ಜನ್ಮ ನನ್ನದು!

ಮಗ್ಗೆ ಕಡೆಯ ಎಸ್ಟೇಟಿನ ಚಂದ್ರಿಕಾಳನ್ನು ನಾನು ಎಣಿಸಲಿಲ್ಲ. ಬೆಳಗ್ಗೆ ಕಾಫಿ ಗಿಡಗಳ ನಡುವೆ ಹೆಣ ಸಿಕ್ಕಿತ್ತು, ಪಕ್ಕದಲ್ಲೇ ಆನೆಯ ಲದ್ದಿ. ಒಂಟಿ ಸಲಗ ತುಳಿದು ಸಾವು ಎಂದಿತ್ತು ಪತ್ರಿಕೆ. ಆನೆ ತುಳಿದು ಸತ್ತವರಿಗೆ ನಮ್ಮ ಲೆಕ್ಕದಲ್ಲಿ ಜಾಗವಿಲ್ಲ.

ವಾರದ ಮೇಲೆ ಅವಳ ತಾಯಿ ಮಾರಮ್ಮ ಮನೆಗೇ ಬಂದಳು. ನಾನು ಇಂಥ ಕೆಲಸ ಮಾಡುತ್ತೇನೆಂದು ನಮ್ಮ ಚರ್ಚಿನಲ್ಲಿ ಕಸ ಗುಡಿಸುವ ಮಾರಮ್ಮನ ತಂಗಿ ಹೇಳಿದ್ದಳಂತೆ.

"ಲೈನ್ ಮನೆ ಕಣವ್ವಾ, ನಂಗೂ ಅವಳ್ಗೂ ಒಂದೇ ಗೋಡೆ. ರಾತ್ರಿ ಕೂಗ್ತಿದ್ಲು. ದಿನಾ ಕೂಗೋಳು, ನಾನು ಮಗ್ಗುಲು ಬದಲಾಯಿಸ್ಕೊಂಡು ಮಲಗ್ಬುಟ್ಟೆ. ಆಮ್ಯಾಕೆ ಕೂಗ್ಲೇ ಇಲ್ಲ."

"ಪೊಲೀಸರಿಗೆ ಹೇಳಿದ್ರಾ?"

"ಮಗೀನ ಅಳಿಯ ಬಾಲು ಇಟ್ಕಂಡವ್ನೆ. ಬಾಯಿ ಬಿಟ್ರೆ ಮೊಮ್ಮಗಳ ಮಖ ತೋರ್ಸಕಿಲ್ಲ ಅಂದವ್ನೆ. ನೀನು ಸುಮ್ನೆ ಲೆಕ್ಕಕ್ಕೆ ಹಾಕ್ಕೊ, ಹೆಸ್ರು ಬ್ಯಾಡ."

ಪೊಲೀಸರಾಗಲಿ ಮನೆಯವರಾಗಲಿ ಕೊಲೆಯೆಂದು ಬಹಿರಂಗವಾಗಿ ಹೇಳದೆ ಸೇರಿಸುವಂತಿಲ್ಲ, ಅದು ನಮ್ಮ ನಿಯಮ. ಹೇಳಿದೆ. ಕಾಫಿ ಕೊಟ್ಟೆ. ಅಳು ಬರಬೇಕಿತ್ತು, ಬರಲಿಲ್ಲ.

ಆನೆ ಹಿಡಿಯಲೇಬೇಕೆಂದು ಊರಿನವರು ರಸ್ತೆಯಲ್ಲಿ ಕೂತರು. ಎಲ್ಲರಿಗಿಂತ ಮುಂದೆ ಬಾಲು, ತಾಯಿಯಿಲ್ಲದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು. ಕೊನೆಗೆ ಅರಣ್ಯ ಇಲಾಖೆಯವರು ಸಾಕಾನೆಗಳೊಂದಿಗೆ ಬಂದರು. ಸಲಗಕ್ಕೆ ಅರಿವಳಿಕೆ ಚುಚ್ಚಿ, ಹಗ್ಗ ಬಿಗಿದು, ಲಾರಿಗೆ ಹತ್ತಿಸಿದರು. ಅವತ್ತು ನಾನೂ ಹೋಗಿದ್ದೆ, ಯಾಕೋ ಗೊತ್ತಿಲ್ಲ. ಹಗ್ಗ ಕೊರೆದು ಅದರ ಕಾಲಿನಿಂದ ರಕ್ತ ಬರುತ್ತಿತ್ತು. ಜನ ಸಿಳ್ಳೆ ಹಾಕುತ್ತಿದ್ದರು. ಯಾರೋ "ಕೊಲೆಗಡುಕ!" ಎಂದು ಕಲ್ಲು ಬೀಸಿದರು.

ಮಾರಮ್ಮ ಗುಂಪಿನಲ್ಲಿ ನುಗ್ಗಿ ಬಂದು ಲಾರಿಗೆ ಅಡ್ಡ ನಿಂತಳು.

"ಹೊಡೀಬ್ಯಾಡ್ರೋ! ಪಾಪ, ಅದೇನ್ ಮಾಡೈತೆ? ನನ್ ಮಗಳನ್ನ ಕೊಂದೋನು ಇಲ್ಲೇ ನಿಂತವ್ನೆ, ನನ್ ಅಳಿಯ!"

ಸಿಳ್ಳೆ ನಿಂತುಹೋಯಿತು. ಬಾಲು ಮಗುವನ್ನು ಹೆಗಲಿಂದಿಳಿಸಿ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೊರಟೇಬಿಟ್ಟ. ಯಾರೂ ತಡೆಯಲಿಲ್ಲ, ನಾನೂ ತಡೆಯಲಿಲ್ಲ. ಮಗು "ಅಜ್ಜೀ" ಎಂದು ಕೂಗುವುದು ತಿರುವಿನವರೆಗೂ ಕೇಳಿಸಿತು. ಆಮೇಲೆ ಕೇಳಿಸಲಿಲ್ಲ.

ಮಾರಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದಳು.

"ಎಲ್ರ ಮುಂದೇನೇ ಹೇಳ್ಬುಟ್ಟೆ. ಈಗ ಹಾಕ್ಕೊತೀಯಾ ಏಂಜೆಲಮ್ಮಾ?"

"ಹಾಕ್ಕೋತೀನಿ."

"ಹೆಸ್ರೂ ಹಾಕು" ಎಂದಳು.