ಇಪ್ಪತ್ತೇಳಂದ್ರೆ ಇಪ್ಪತ್ತೇಳೇ

ನಾನು ಒಂದು ಕಂಪ್ಯಾರೇಟರ್. ಎಂಟು ಕಾಲು, ಕಡಲೆಕಾಳಿಗಿಂತ ತುಸು ದೊಡ್ಡ ಕರಿ ಮೈ. ಹುಟ್ಟಿದ ಕಾರ್ಖಾನೆ ಯಾವ ದೇಶದ್ದೋ ಗೊತ್ತಿಲ್ಲ. ಕಣ್ಣು ಬಿಟ್ಟದ್ದು ಮಾತ್ರ ಶಿಡ್ಲಘಟ್ಟದಲ್ಲಿ, ರೇಡಿಯೊ ರಿಪೇರಿಯ ಇಲಿಯಾಸನ ಅಂಗಡಿಯಲ್ಲಿ. ನನ್ನ ಕೆಲಸ ಬಲು ಸಣ್ಣದು. ಎರಡು ಕಾಲಿಗೆ ಎರಡು ವೋಲ್ಟೇಜು ಬರುತ್ತವೆ, ಯಾವುದು ಹೆಚ್ಚು ಎಂದು ಹೇಳಬೇಕು, ಅಷ್ಟೇ. ಅಷ್ಟನ್ನೂ ನೆಟ್ಟಗೆ ಮಾಡಲಾರದೆ ಒಬ್ಬ ಹೆಣ್ಣುಮಗಳ ಮುಖಕ್ಕೆ ಮಸಿ ಬಳಿದವನು ನಾನು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಇಲಿಯಾಸ್ ನನ್ನನ್ನು ತಗಡಿನ ಡಬ್ಬಿಯಲ್ಲಿ ಕೂರಿಸಿ ಪಿಳ್ಳಮ್ಮನ ಹುಳು ಮನೆಯ ಗೋಡೆಗೆ ಹೊಡೆದ. ಅಲ್ಲಿ ತಟ್ಟೆ ತಟ್ಟೆಯ ತುಂಬ ರೇಷ್ಮೆಯ ಮರಿಹುಳುಗಳು. ಅವಕ್ಕೆ ಹದವಾದ ಬಿಸಿ ಬೇಕು. ಕೋಣೆಯ ಬಿಸಿ ನನ್ನ ಒಂದು ಕಾಲಿಗೆ ವೋಲ್ಟೇಜಾಗಿ ಬರುತ್ತದೆ, ಇರಬೇಕಾದ ಬಿಸಿ ಇನ್ನೊಂದು ಕಾಲಿಗೆ. ಬಿಸಿ ಕಡಿಮೆಯಾದರೆ ನಾನು ರಿಲೇ ಎಂಬ ಸ್ವಿಚ್ಚಿಗೆ ಹೇಳಬೇಕು, ರಿಲೇ ಹೀಟರ್ ಹಚ್ಚಬೇಕು, ಸಾಕೆಂದರೆ ಆರಿಸಬೇಕು. ಇಲಿಯಾಸ್ ಜಾಣ. ನಾನು ಉತ್ತರ ಕೊಡುವ ಕಾಲಿನಿಂದ ಕೇಳಿಸಿಕೊಳ್ಳುವ ಕಾಲಿಗೆ ಒಂದು ರೆಸಿಸ್ಟರ್ ಬೆಸೆದಿದ್ದ. ಅದಿದ್ದರೆ ಆಡಿದ ಮಾತಿಗೆ ಸ್ವಲ್ಪ ಹೊತ್ತು ಅಂಟಿಕೊಳ್ಳುತ್ತೇನೆ. ಇಪ್ಪತ್ತಾರು ಡಿಗ್ರಿಗೆ ಹಚ್ಚಿಸಿದರೆ ಇಪ್ಪತ್ತೆಂಟು ಮುಟ್ಟುವ ತನಕ ಆರಿಸುವುದಿಲ್ಲ. ನಡುವೆ ತಂತಿಯಲ್ಲಿ ಬರುವ ಸಣ್ಣಪುಟ್ಟ ಗದ್ದಲಕ್ಕೆ ಕಿವಿಗೊಡುವುದಿಲ್ಲ.

ಪಿಳ್ಳಮ್ಮನಿಗೆ ಅದು ಹಿಡಿಸಲಿಲ್ಲ. ಥರ್ಮಾಮೀಟರಿಗೆ ಮೂಗು ತಾಗಿಸಿ ನೋಡಿ ಇಲಿಯಾಸನನ್ನು ಕರೆಸಿದಳು.

“ಏನಯ್ಯಾ, ಒಂದ್ಸಲ ಇಪ್ಪತ್ತಾರು, ಒಂದ್ಸಲ ಇಪ್ಪತ್ತೆಂಟು! ಇದೇನು ಕುಡುಕನ ನಡಿಗೆನಾ? ಇಪ್ಪತ್ತೇಳಂದ್ರೆ ಇಪ್ಪತ್ತೇಳೇ ಇರ್ಬೇಕು.”

“ಅಷ್ಟು ಆಚೀಚೆ ಇದ್ರೇನೇ ಒಳ್ಳೇದಜ್ಜಿ...”

“ನಿನ್ ಕೈಲಿ ಆಗ್ತದಾ, ಬೇರೆಯವ್ರನ್ನ ಕರೀಲಾ?”

ಇಲಿಯಾಸನ ಮಾನಕ್ಕೆ ಪೆಟ್ಟು ಬಿತ್ತು. ತಪ್ಪೆಂದು ಗೊತ್ತಿದ್ದೂ ರೆಸಿಸ್ಟರನ್ನು ಕಟಕ್ಕನೆ ಕತ್ತರಿಸಿದ. ನನಗೋ ಹಿಗ್ಗು! ಇನ್ನು ಯಾರ ಹಂಗೂ ಇಲ್ಲದೆ ಖಡಾಖಂಡಿತ ತೀರ್ಪು ಕೊಡುತ್ತೇನೆ ಎಂದು ಬೀಗಿದೆ.

ಬಿಸಿ ಇಪ್ಪತ್ತೇಳರ ಹತ್ತಿರ ಬಂತು. ಪಕ್ಕದಲ್ಲೇ ಫ್ಯಾನಿನ ತಂತಿ. ಅದರ ನಡುಕ ನನ್ನ ತಂತಿಗೂ ಹತ್ತುತ್ತಿತ್ತು. ಹೆಚ್ಚು, ಕಡಿಮೆ, ಹೆಚ್ಚು, ಕಡಿಮೆ ಎಂದು ಪ್ರತಿ ನಡುಕಕ್ಕೂ ಮಾತು ಬದಲಿಸಿದೆ. ರಿಲೇ ಟಕಟಕ ಟಕಟಕ ಒದ್ದಾಡಿತು. ಪಿಳ್ಳಮ್ಮ, “ನೋಡ್ರೇ, ಈಗ ಎಷ್ಟು ಚುರುಕಾಗೈತೆ!” ಎಂದಳು. ಥೂ, ಆ ಹೊಗಳಿಕೆಗೂ ಉಬ್ಬಿದೆ ನಾನು.

ಮೂರನೆಯ ದಿನ ಬೆಳಿಗ್ಗೆ ಸೊಸೆ ಮುನಿಲಕ್ಷ್ಮಿ ಹುಳುಗಳಿಗೆ ಸೊಪ್ಪು ಹಾಕಿ ಬಾಗಿಲು ಮುಚ್ಚಿದಳು. ಮನೆಯವರೆಲ್ಲ ತೋಟಕ್ಕೆ ಹೋದರು. ಕಿಡಿ ಹಾರಿ ಹಾರಿ ರಿಲೇಯ ಎರಡು ಲೋಹದ ತುಟಿಗಳು ಬೆಸೆದುಕೊಂಡೇಬಿಟ್ಟವು. ಆರಿಸು, ಆರಿಸು ಎಂದು ಬಡಕೊಂಡೆ. ಅದು ಬಿಡಲಿಲ್ಲ. ಹೀಟರ್ ಗಂಟೆಗಟ್ಟಲೆ ಉರಿಯಿತು. ಆಮೇಲೆ ಕರೆಂಟು ಹೋಗಿ, ಸಂಜೆಗೆ ಬಾಗಿಲು ತೆಗೆಯುವಷ್ಟರಲ್ಲಿ ಕೋಣೆ ತಣ್ಣಗಾಗಿತ್ತು. ಹುಳುಗಳೆಲ್ಲ ಕಾವಿಗೆ ಸತ್ತಿದ್ದವು, ಆ ಕಾವಿನ ಸುಳಿವೇ ಉಳಿದಿರಲಿಲ್ಲ.

ಮುಟ್ಟಾದವರು ಹುಳು ಮನೆಯೊಳಗೆ ಕಾಲಿಡಬಾರದು ಎಂಬುದು ಆ ಮನೆಯ ಕಟ್ಟು. ಪಿಳ್ಳಮ್ಮ ಸೊಸೆಯನ್ನು ದುರುಗುಟ್ಟಿ ನೋಡಿದಳು.

“ನಿಜ ಹೇಳು. ಮುಟ್ಟಾಗಿ ಒಳಗೆ ಹೋಗಿದ್ಯಾ?”

ಮುನಿಲಕ್ಷ್ಮಿ ತಲೆ ತಗ್ಗಿಸಿದಳು. ಬೆಳಿಗ್ಗೆಯೇ ಮುಟ್ಟಾಗಿದ್ದಳು. ಹುಳುಗಳು ಹಸಿದಿವೆಯಲ್ಲ ಎಂದು ಯಾರಿಗೂ ಹೇಳದೆ ಸೊಪ್ಪು ಹಾಕಿದ್ದಳು.

“ಕೊಂದ್ಯಲ್ಲೇ ಪಾಪಿ!”

ಅಯ್ಯೋ, ಕೊಂದವನು ನಾನು, ಗೋಡೆಯ ಮೇಲೆಯೇ ಇದ್ದೆ. ನನ್ನತ್ತ ಯಾರೂ ತಿರುಗಿಯೂ ನೋಡಲಿಲ್ಲ.

ಮರುದಿನ ಇಲಿಯಾಸ್ ಬಂದು ಡಬ್ಬಿ ಬಿಚ್ಚಿದ. ಬೆಸೆದ ರಿಲೇ ಕಂಡಿತು. ಅಂಗಳದಲ್ಲಿ ಮುನಿಲಕ್ಷ್ಮಿ ಇನ್ನೂ ಬೈಸಿಕೊಳ್ಳುತ್ತಿದ್ದಳು. ಅವನು ಬಾಯಿ ತೆರೆದ, ಮತ್ತೆ ಮುಚ್ಚಿದ. ಅಂಗಡಿಯ ಹೆಸರು ಕೆಡುತ್ತದಲ್ಲ! ರೆಸಿಸ್ಟರ್ ಇರುವ ಬೇರೆ ಡಬ್ಬಿ ಹಾಕಿ, ನನ್ನನ್ನು ತಂದು ಮೇಜಿನ ಖಾನೆಗೆ ತಳ್ಳಿದ. ಹನ್ನೆರಡು ವರ್ಷ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇವತ್ತು ಮುನಿಲಕ್ಷ್ಮಿ ಟಾರ್ಚು ರಿಪೇರಿಗೆಂದು ಅಂಗಡಿಗೆ ಬಂದಳು. ಕೂದಲು ಅಲ್ಲಲ್ಲಿ ನರೆತಿತ್ತು. ಬಲ್ಬಿಗೆಂದು ಖಾನೆ ಎಳೆದ ಇಲಿಯಾಸನ ಕೈಗೆ ನಾನಿದ್ದ ಡಬ್ಬಿ ಸಿಕ್ಕಿತು. ಅವನಿಗೆ ತಡೆದುಕೊಳ್ಳಲಾಗಲಿಲ್ಲ.

“ಅಕ್ಕಾ, ಆ ಹುಳುಗಳನ್ನ ಕೊಂದಿದ್ದು ನೀವಲ್ಲ. ಈ ಡಬ್ಬಿ. ಇದನ್ನ ಕೆಡಿಸಿದ್ದು ನಾನು.”

ಸುಟ್ಟ ರಿಲೇಯನ್ನು ತೋರಿಸಿ ಎಲ್ಲ ಹೇಳಿದ. ಆಕೆ ಸ್ಟೂಲೆಳೆದು ಕೂತಳು.

“ಅವತ್ತೇ ಗೊತ್ತಿತ್ತೇನಣ್ಣ?”

“ಗೊತ್ತಿತ್ತಕ್ಕಾ.”

ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಅವನ್ನ ನಾನೇ ಕೊಂದೆ ಅಂದ್ಕೊಂಡು, ನನ್ ಮಗಳನ್ನೂ ತಿಂಗಳಿಗೆ ಮೂರು ದಿನ ಹಿತ್ತಲಲ್ಲಿ ಕೂರಿಸ್ತೀನಲ್ಲಣ್ಣ,” ಎಂದಳು. “ಇವತ್ತೂ ಅಲ್ಲೇ ಕೂತವ್ಳೆ.” ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. “ಆ ಡಬ್ಬಿ ತಗೊಂಡು ನಡಿ. ನಂಗೆ ಹೇಳಿದ್ದು ಸಾಕು, ಅವ್ಳಿಗೆ ಹೇಳು.”

ಇಲಿಯಾಸ್ ಅಂಗಡಿಯ ಬಾಗಿಲೆಳೆದ. ಅವನ ಕಂಕುಳಲ್ಲಿ ಕೂತು ಆಕೆಯ ಹಿಂದೆ ಹೋಗುತ್ತಿದ್ದೇನೆ. ಹಿತ್ತಲಲ್ಲಿ ಕೂತ ಆ ಹುಡುಗಿಗೆ ಯಾವ ಮುಖ ತೋರಿಸಲಿ?